ಮಲಗಿದಲ್ಲೇ ಎಂದ ಮಾತು

ಅಣ್ಣ ತೀರಿಹೋಗಿ ತಿಂಗಳು ತುಂಬಿದ ದಿನ ಅವನ ಮನೆಯಲ್ಲಿ ಪ್ರಾರ್ಥನೆ ಇತ್ತು. ಅತ್ತಿಗೆ ಎಲ್ಲರ ಎದುರು ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಇವರು ಈಗ ಸ್ವರ್ಗಕ್ಕೆ ಮುಟ್ಟಿದ್ದಾರಾ?" ಅದಕ್ಕೆ ನಾನು ನಲವತ್ತು ನಿಮಿಷ ಉತ್ತರ ಕೊಟ್ಟೆ. ಆ ಉತ್ತರದ ಬಗ್ಗೆ ಬರೆಯಲು ಕುಳಿತದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಬರೆದದ್ದನ್ನು ಓದಿ ನೋಡಿದರೆ, ತಪ್ಪು ಒಪ್ಪಿಕೊಳ್ಳುವ ನೆಪದಲ್ಲಿ ನನ್ನ ಜಾಣತನವನ್ನೇ ಮೆರೆಸಿದ ಹಾಗಿತ್ತು. ಹರಿದು ಹಾಕಿದೆ. ಇದೂ ಹಾಗೇ ಆಗುವ ಸಾಧ್ಯತೆ ಇದೆ, ಓದುವವರು ಎಚ್ಚರ ಇಟ್ಟುಕೊಂಡರೆ ಒಳ್ಳೆಯದು.

ನಾನು ಮೂವತ್ತು ವರ್ಷ ಆಧಾರ ಬರೆದವನು. ನಮ್ಮ ಕಾಸರಗೋಡಿನ ಕಡೆ ಜಾಗದ ದಸ್ತಾವೇಜಿಗೆ ಆಧಾರ ಎನ್ನುತ್ತಾರೆ, ರಿಜಿಸ್ಟ್ರಾರ್ ಆಫೀಸಿನ ಬದಿಯಲ್ಲಿ ಕುಳಿತು ಅದನ್ನು ಬರೆಯುವವರನ್ನು ರೈಟ್ರು ಎನ್ನುತ್ತಾರೆ. ಈ ಕೆಲಸದಲ್ಲಿ ಒಂದು ಶಬ್ದ ಆಚೀಚೆಯಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಮಾರಿದ ಜಾಗವನ್ನು 'ಈ ದಿನವೇ ಸ್ವಾಧೀನಕ್ಕೆ ಬಿಟ್ಟುಕೊಟ್ಟಿದ್ದೇನೆ' ಎಂದು ಬರೆಯುವುದಕ್ಕೂ 'ಮುಂದೆ ಬಿಟ್ಟುಕೊಡುತ್ತೇನೆ' ಎಂದು ಬರೆಯುವುದಕ್ಕೂ ಅಜಗಜಾಂತರ. ಹಾಗಾಗಿ ನನಗೆ ಶಬ್ದಗಳ ಮೇಲೆ ಒಂದು ಕಣ್ಣು, ಶಬ್ದ ತಪ್ಪಿದವರ ಮೇಲೆ ಒಂದು ಸಿಟ್ಟು. ಮದುವೆಯ ಕಾಗದ ಕೊಡಲು ಬಂದವರಿಗೆ ಕುಡಿಯಲು ಏನಾದರೂ ಕೊಡುವ ಮೊದಲೇ ಅದರಲ್ಲಿನ ತಪ್ಪು ತೋರಿಸಿದ್ದೇನೆ. ಇದು ನಿಮ್ಮ ಒಂದು ಕಾಯಿಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ನಮ್ಮದು ಸಣ್ಣ ಪ್ರೊಟೆಸ್ಟಂಟ್ ಸಭೆ. ಮನೆಯ ಮಾತು ತುಳು, ಸರಕಾರದ ಮಾತು ಮಲಯಾಳ, ದೇವರ ಮಾತು ಮಾತ್ರ ಕನ್ನಡ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನಾಲ್ಕು ಸಭೆಗೆ ಒಬ್ಬರೇ ಆದ್ದರಿಂದ ತಿಂಗಳಿಗೆ ಎರಡು ಭಾನುವಾರ ಮಾತ್ರ ಬರುತ್ತಾರೆ. ಉಳಿದ ಭಾನುವಾರ ವೇದ ಓದಿ ನಾಲ್ಕು ಮಾತು ಹೇಳುವ ಕೆಲಸ ಸಭೆಯ ಹಿರಿಯನಾದ ನನ್ನದು. ಬೈಬಲ್ ಎನ್ನುವುದಕ್ಕಿಂತ ವೇದ ಎನ್ನುವುದೇ ನಮ್ಮಲ್ಲಿ ರೂಢಿ. ನಾನು ಅದನ್ನು ಆಧಾರ ಓದಿದ ಹಾಗೆ ಓದುತ್ತಿದ್ದೆ. ಯಾರು ಯಾರಿಗೆ ಏನು ಬರೆದುಕೊಟ್ಟಿದ್ದಾರೆ, ಯಾವಾಗಿನಿಂದ, ಯಾವ ಷರತ್ತಿನ ಮೇಲೆ, ಇಷ್ಟೇ ನನ್ನ ದೃಷ್ಟಿ. ಅಯ್ಯನವರು ನಗುತ್ತಾ, "ರೈಟ್ರೇ, ನೀವು ದೇವರ ಹತ್ತಿರವೂ ಸಾಕ್ಷಿಗಳ ಸಹಿ ಕೇಳುವವರು" ಎಂದಿದ್ದರು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಈ ಓದಿನಲ್ಲಿ ನಾನು ಹಿಡಿದಿದ್ದ ದೊಡ್ಡ ಹಟವೆಂದರೆ, ನಂಬಿದವರು ಸತ್ತ ಕೂಡಲೇ ಸ್ವರ್ಗಕ್ಕೆ ಹೋಗುವುದಿಲ್ಲ ಎಂಬುದು. ಸತ್ತವರನ್ನು ವೇದ ಎಷ್ಟೋ ಕಡೆ ನಿದ್ರಿಸುವವರು ಎಂದು ಕರೆಯುತ್ತದೆ. ಸತ್ತ ಗೆಳೆಯನ ಬಗ್ಗೆ ಯೇಸುವೇ ಅವನು ನಿದ್ದೆಯಲ್ಲಿದ್ದಾನೆ ಎಂದ. ಕಡೆಯ ತುತ್ತೂರಿ ಊದಿದಾಗ ನಿದ್ರಿಸುವವರು ಮೊದಲು ಎದ್ದು ಬರುತ್ತಾರೆ ಎಂದು ಅಪೊಸ್ತಲ ಪೌಲ ತನ್ನ ಪತ್ರದಲ್ಲಿ ಬರೆದ. ಹಾಗಿದ್ದ ಮೇಲೆ ಸಾವಿನ ಫ್ಲೆಕ್ಸಿನಲ್ಲಿ 'ಸ್ವರ್ಗಸ್ಥರಾದರು' ಎಂದು ಹಾಕುವುದು ಯಾವ ಆಧಾರದ ಮೇಲೆ? ಯಾರ ಮನೆಯಲ್ಲಿ ಸಾವಾದರೂ ನಾನು ಇದೇ ತಕರಾರು ತೆಗೆಯುತ್ತಿದ್ದೆ.

ಅಣ್ಣ ಸತ್ತ ದಿನವೂ ತೆಗೆದೆ. ಅಣ್ಣನ ಊರಾದ ಬಂದ್ಯೋಡಿನ ಜಂಕ್ಷನ್ನಿನಲ್ಲಿ ಕಟ್ಟಲು ಸಭೆಯ ಹುಡುಗರು ಫ್ಲೆಕ್ಸ್ ಮಾಡಿಸಿ ತಂದಿದ್ದರು. ಅಣ್ಣನ ಹಳೆಯ ಫೋಟೋ, ಕೆಳಗೆ ಸ್ವರ್ಗಸ್ಥರಾದರು ಎಂದು ದಪ್ಪ ಅಕ್ಷರ. ಯಾರೋ ಅದನ್ನು ಅತ್ತಿಗೆಗೆ ಓದಿ ಹೇಳಿದ್ದರಂತೆ, ಅವರು ತಲೆಯಾಡಿಸಿದ್ದರಂತೆ. ನಾನು ಆ ಫ್ಲೆಕ್ಸ್ ಮಡಚಿಟ್ಟು, ಅಂಗಡಿಗೆ ಫೋನ್ ಮಾಡಿ, 'ಪ್ರಭುವಿನಲ್ಲಿ ನಿದ್ರಿಸಿದ್ದಾರೆ' ಎಂದು ಹೊಸತು ಮಾಡಿಸಿದೆ. ನಿದ್ರಿಸು ಎಂಬುದಕ್ಕೆ ಒತ್ತು ಎಲ್ಲಿ ಬರಬೇಕು ಎಂದು ಅಂಗಡಿಯವನಿಗೆ ಹೇಳಿಕೊಡುತ್ತಾ ಅಂಗಳದಲ್ಲಿ ಹತ್ತು ನಿಮಿಷ ನಿಂತಿದ್ದೆ. ಒಳಗೆ ಅಣ್ಣನಿಗೆ ಕಡೆಯ ಸಲ ಮೈ ಒರೆಸುತ್ತಿದ್ದರು.

ಅಣ್ಣನ ವಿಷಯ ಹೇಳಬೇಕು. ಅವನು ಮಂಗಳೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್ ಆಗಿದ್ದವನು. ನನಗಿಂತ ಆರು ವರ್ಷ ದೊಡ್ಡವನು, ಮಾತು ಕಡಿಮೆ. ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಬಿದ್ದವನು ಮತ್ತೆ ಕಾಲೂರಲಿಲ್ಲ. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಆರು ವರ್ಷ ಹಾಗೇ ಇದ್ದ. ನಮ್ಮ ಕಡೆ ಇಂಥವರನ್ನು 'ಮಲಗಿದಲ್ಲೇ' ಎನ್ನುತ್ತಾರೆ. ಯಾರಾದರೂ ಸಿಕ್ಕಿ ಅಣ್ಣ ಹೇಗಿದ್ದಾರೆ ಎಂದು ಕೇಳಿದರೆ "ಮಲಗಿದಲ್ಲೇ" ಎಂದರೆ ಮುಗಿಯಿತು. ಕೇಳಿದವರು ತುಟಿ ಲೊಚಗುಟ್ಟಿ ಹೋಗುತ್ತಾರೆ. ಆ ಒಂದು ಮಾತಿನೊಳಗೆ ಮೂತ್ರದ ಟ್ಯೂಬು, ಬೆನ್ನಿನ ಹುಣ್ಣು, ಗಂಜಿ ತಿನ್ನಿಸುವ ಚಮಚ ಎಲ್ಲ ಸೇರಿದೆ ಎಂದು ಎಲ್ಲರಿಗೂ ಗೊತ್ತು.

ಹಾಸಿಗೆ ಹಿಡಿದವರನ್ನು ನೋಡಲು ಪಂಚಾಯತಿನ ಕಡೆಯಿಂದ ಬರುತ್ತಿದ್ದ ಪಾಲಿಯೇಟಿವ್ ನರ್ಸ್ ಮೊದಲ ದಿನವೇ ಅತ್ತಿಗೆಗೆ ಹೇಳಿಕೊಟ್ಟದ್ದು, ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು. ಅತ್ತಿಗೆ ಬೀಡಿ ಕಟ್ಟಿ ಸಂಸಾರ ನಡೆಸಿದವರು, ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು ಗೊತ್ತು. ಆರು ವರ್ಷದಲ್ಲಿ ಅವರು ಒಂದು ಮದುವೆಗೆ ಹೋಗಲಿಲ್ಲ, ಒಂದು ಭಾನುವಾರವೂ ಆರಾಧನೆಗೆ ಬರಲಿಲ್ಲ. ಒಬ್ಬರಿಂದ ಸಲೀಸಾಗಿ ತಿರುಗಿಸಲು ಆಗದಷ್ಟು ಅಣ್ಣ ಭಾರವಿದ್ದ. ಪಕ್ಕದ ಮನೆಯ ಬ್ಯಾರಿ ಹೆಂಗಸು, ಗಂಡ ಗಲ್ಫಿನಲ್ಲಿರುವವಳು, ಹಗಲು ಹೊತ್ತು ಬಂದು ಕಾಲಿನ ಕಡೆ ಹಿಡಿಯುತ್ತಿದ್ದಳು. ಕಾಲಿನ ಕಡೆ ಅವಳು, ಭುಜದ ಕಡೆ ಅತ್ತಿಗೆ. ರಾತ್ರಿ ಅತ್ತಿಗೆ ಒಬ್ಬರೇ ಹೇಗೋ ತಿರುಗಿಸುತ್ತಿದ್ದರು.

ನಾನು ಎಲ್ಲಿದ್ದೆ? ಉಪ್ಪಳದಲ್ಲಿ, ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. ಪ್ರತಿ ಭಾನುವಾರ ಆರಾಧನೆ ಮುಗಿಸಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋಗುತ್ತಿದ್ದೆ. ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ವೇದದಿಂದ ಒಂದು ಕೀರ್ತನೆ ಓದಿ, ಪ್ರಾರ್ಥನೆ ಮಾಡುತ್ತಿದ್ದೆ. ಪಕ್ಕದ ಮನೆಯವಳು ನಡುವೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪ್ರಾರ್ಥನೆ ಮುಗಿದು ಅವಳು ಒಳಗೆ ಕಾಲಿಟ್ಟಳೆಂದರೆ ಇನ್ನು ತಿರುಗಿಸುತ್ತಾರೆ ಎಂದರ್ಥ, ನನಗೆ ಬಸ್ಸಿನ ನೆನಪಾಗುತ್ತಿತ್ತು. ಒಮ್ಮೆ ಅವಳು ಊರಲ್ಲಿಲ್ಲದಾಗ ಕಾಲು ಹಿಡಿಯಬೇಕಾಗಿ ಬಂತು. ಬೆಡ್‌ಶೀಟ್ ಸರಿದಾಗ ಬಂದ ವಾಸನೆಗೆ ಮುಖ ತಿರುಗಿಸಿದೆ, ಅತ್ತಿಗೆ ನೋಡಿದರು. ಆಮೇಲೆ ಅವರು ಯಾವತ್ತೂ ನನ್ನನ್ನು ಕರೆಯಲಿಲ್ಲ. ಕರೆಯದೆ ಇದ್ದದ್ದು ನನಗೆ ಹಾಯೆನಿಸಿತು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಈಗ ಆ ತಿಂಗಳ ಪ್ರಾರ್ಥನೆಗೆ ಬರುತ್ತೇನೆ. ಅದು ಅಯ್ಯನವರ ವಾರವಲ್ಲ. ಚಾವಡಿಯಲ್ಲಿ ಇಪ್ಪತ್ತೈದು ಮೂವತ್ತು ಜನ, ಗಂಡಸರು ಬಾಡಿಗೆಯ ಕುರ್ಚಿಯಲ್ಲಿ, ಹೆಂಗಸರು ಚಾಪೆಯಲ್ಲಿ. ಅಣ್ಣನ ಮಂಚ ಆಗಲೇ ಹೋಗಿತ್ತು, ನೀರಿನ ಹಾಸಿಗೆಯನ್ನು ಪಾಲಿಯೇಟಿವ್‌ನವರು ಇನ್ನೊಬ್ಬರಿಗಾಗಿ ಕೊಂಡುಹೋಗಿದ್ದರು. ನಾನು ವೇದ ತೆರೆಯುವಾಗಲೇ ಅತ್ತಿಗೆ ಆ ಪ್ರಶ್ನೆ ಕೇಳಿದ್ದು. ಸಭೆಯ ನಡುವೆ ಅವರು ಬಾಯಿ ತೆರೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಒಂದೇ ಕಾರಣಕ್ಕಾದರೂ ನಾನು ಸ್ವಲ್ಪ ನಿಲ್ಲಬೇಕಾಗಿತ್ತು. ಈ ಹೆಂಗಸು ಕೇಳುತ್ತಿರುವುದು ಎಂತ ಎಂದು ಯೋಚಿಸಬೇಕಾಗಿತ್ತು. ನಾನು ಮಾತ್ರ ಎಷ್ಟೋ ವರ್ಷದಿಂದ ಈ ಪ್ರಶ್ನೆಗೆ ಕಾದು ಕುಳಿತವನ ಹಾಗೆ ಶುರುಮಾಡಿದೆ.

ನಿದ್ರೆಯ ವಾಕ್ಯಗಳನ್ನೆಲ್ಲ ಓದಿದೆ. ಸತ್ತವರಿಗೆ ಏನೂ ತಿಳಿಯುವುದಿಲ್ಲ ಎಂದು ಹಳೆಯ ಒಡಂಬಡಿಕೆಯಲ್ಲಿ ಬರುವುದನ್ನು ಹೇಳಿದೆ. ನಮ್ಮ ಸಭೆಯ ಒಬ್ಬ ನಿವೃತ್ತ ಮಾಸ್ಟ್ರು ಮೆಲ್ಲನೆ, "ಶಿಲುಬೆಯಲ್ಲಿದ್ದ ಕಳ್ಳನ ಕತೆ ಉಂಟಲ್ಲ ರೈಟ್ರೇ, ಇಂದೇ ನನ್ನ ಜೊತೆ ಪರದೈಸಿನಲ್ಲಿ ಇರುತ್ತೀ ಅಂತ ಯೇಸು ಅವನಿಗೆ ಹೇಳಿದ್ದು?" ಎಂದರು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಮೂಲ ಬರಹದಲ್ಲಿ ಅಲ್ಪವಿರಾಮ ಪೂರ್ಣವಿರಾಮ ಯಾವುದೂ ಇರಲಿಲ್ಲ ಮಾಸ್ಟ್ರೇ ಎಂದೆ. 'ಇಂದು ನೀನು ನನ್ನ ಜೊತೆ ಇರುತ್ತೀ ಎಂದು ಹೇಳುತ್ತೇನೆ' ಎಂದೂ ಓದಬಹುದು, 'ನೀನು ನನ್ನ ಜೊತೆ ಇರುತ್ತೀ ಎಂದು ಇಂದು ಹೇಳುತ್ತೇನೆ' ಎಂದೂ ಓದಬಹುದು. 'ಇಂದು' ಎಂಬುದನ್ನು ಎಲ್ಲಿ ಕೂರಿಸುತ್ತೀರಿ ಎಂಬುದರ ಮೇಲೆ ಸ್ವರ್ಗ ಇವತ್ತಾ ನಾಳೆಯಾ ಎಂದು ತೀರ್ಮಾನ. ಆಧಾರ ಬರೆದವನಿಗೆ ಇದು ಗೊತ್ತಾಗುತ್ತದೆ ಎಂದೂ ಸೇರಿಸಿದೆ. ಮಾಸ್ಟ್ರು ಸುಮ್ಮನಾದರು. ಅವರ ಸುಮ್ಮನಾಗುವಿಕೆ ನನಗೆ ಬೆಲ್ಲ ತಿಂದಷ್ಟು ಸಿಹಿಯಾಯಿತು.

ಆ ಉಮೇದಿನಲ್ಲೇ ಮುಗಿಸಿದೆ. "ಆಧಾರ ಆಗಿದೆ, ಸ್ವಾಧೀನ ಇನ್ನೂ ಸಿಗಲಿಲ್ಲ, ಅಷ್ಟೇ. ಅಣ್ಣ ಸ್ವರ್ಗಕ್ಕೆ ಮುಟ್ಟಲಿಲ್ಲ. ತುತ್ತೂರಿ ಊದುವ ತನಕ ಅವರು ಮಲಗಿದಲ್ಲೇ."

ಗಂಡಸರ ಕಡೆಯಿಂದ ಒಬ್ಬಿಬ್ಬರು ಮೆಚ್ಚಿ ನಕ್ಕರು. ಅತ್ತಿಗೆ ಚಾಪೆಯಿಂದ ಅರ್ಧ ಎದ್ದಿದ್ದರು.

"ಮಲಗಿದಲ್ಲೇ?" ಎಂದು ಕೇಳಿದರು.

"ಹೌದತ್ತಿಗೆ, ಮಲಗಿದಲ್ಲೇ. ನಾನು ಹೇಳುವುದಲ್ಲ, ವೇದದಲ್ಲಿ ಉಂಟು."

ಅವರು ಒಳಗೆ ಹೋದರು. ಚಾಯ ತರಲು ಹೋದರು ಎಂದುಕೊಂಡೆ. ಚಾಯವನ್ನು ಬೇರೆ ಯಾರೋ ತಂದುಕೊಟ್ಟರು, ನಾನು ಗಮನಿಸಲಿಲ್ಲ. ಮಾಸ್ಟ್ರ ಹತ್ತಿರ ಇನ್ನೊಂದು ವಾಕ್ಯದ ಚರ್ಚೆಯಲ್ಲಿದ್ದೆ. ಎರಡು ಅವಲಕ್ಕಿ ಪೊಟ್ಟಣ ತಿಂದೆ ಎಂದು ನೆನಪು.

ಮೂರು ವಾರ ಕಳೆದ ಮೇಲೆ ಉಪ್ಪಳದ ಪೇಟೆಯಲ್ಲಿ ಆ ಪಕ್ಕದ ಮನೆಯ ಹೆಂಗಸು ಸಿಕ್ಕಿದಳು. ಮೀನಿನ ಚೀಲ ಕೈಯಲ್ಲಿತ್ತು. ನನ್ನನ್ನು ನೋಡಿ ಸೀದಾ ಹತ್ತಿರ ಬಂದು, "ರೈಟ್ರೇ, ನೀವು ಅಕ್ಕನಿಗೆ ಎಂತ ಹೇಳಿದ್ದು?" ಎಂದಳು.

ಯಾವಾಗ ಎಂದು ಕೇಳಿದೆ.

"ಪ್ರಾರ್ಥನೆಯ ದಿವಸ. ಆಮೇಲೆ ಅವರು ಸರಿಯಿಲ್ಲ. ದಿನಾ ಬೆಳಗಾದರೆ ನಿಮ್ಮ ಗೋರಿಗಳು ಇರುವ ಜಾಗಕ್ಕೆ ಹೋಗಿ ಕೂತುಕೊಳ್ಳುತ್ತಾರೆ. ಮಧ್ಯಾಹ್ನ ಊಟಕ್ಕೂ ಇಲ್ಲ. ನಾನು ಕರೆಯಲಿಕ್ಕೆ ಹೋದರೆ ನನ್ನ ಹತ್ತಿರ ಎಂತ ಕೇಳಿದರು ಗೊತ್ತುಂಟಾ? ಮಣ್ಣಿನ ಅಡಿಯಲ್ಲಿ ಮಗ್ಗುಲು ಬದಲಿಸುವುದು ಯಾರು ಅಂತ."

ನಾನು ನಕ್ಕುಬಿಟ್ಟೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಹಿಂದಿನ ಮೂರು ಸಲ ಬಿಟ್ಟೇ ಬರೆದಿದ್ದೆ. ಅಯ್ಯೋ ಮಾರಾಯ್ತಿ, ಅದು ಬೇರೆ ಮಲಗುವುದು, ಇದು ಬೇರೆ ಮಲಗುವುದು ಎಂದೆ. ಅವಳು ನಗಲಿಲ್ಲ.

"ಬೇರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆರು ವರ್ಷ ಮಲಗಿದಲ್ಲೇ ಅಂತ ಹೇಳಿದ್ದು ನೀವೇ ಎಲ್ಲ. ನಮ್ಮಲ್ಲಿಯೂ ಸತ್ತವರಿಗೆ ಕಬರಿನೊಳಗೆ ಎಂತ ಆಗುತ್ತದೆ ಅಂತ ಉಸ್ತಾದರು ಹೇಳುತ್ತಾರೆ, ಇಲ್ಲ ಅಂತ ಅಲ್ಲ. ಆದರೆ ಸಾವಾದ ಮನೆಯಲ್ಲಿ ಹೆಂಡತಿಯ ಎದುರು ಯಾರೂ ಅದನ್ನು ತೆಗೆಯುವುದಿಲ್ಲ." ಅಷ್ಟು ಹೇಳಿ ಬಸ್ಸು ಬಂತೆಂದು ಹೋದಳು.

ಅಲ್ಲೇ ಅಂಗಡಿಯ ಮೆಟ್ಟಿಲಲ್ಲಿ ಕುಳಿತೆ. ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇಷ್ಟು ಸರಳವಾದದ್ದು ಅರ್ಥವಾಗದಿದ್ದರೆ ನಾನೇನು ಮಾಡಲಿ ಎಂಬ ಸಿಟ್ಟು. ನಾಚಿಕೆ ಬಂದದ್ದು ಆಮೇಲೆ, ನಿಧಾನವಾಗಿ. ಬಂದದ್ದು ಇನ್ನೂ ಹೋಗಿಲ್ಲ. ವೇದದಲ್ಲಿ ಇರುವ ಮಾತು ನಿದ್ರೆ. 'ಮಲಗಿದಲ್ಲೇ' ಎಂಬುದು ನಾನು ಹಾಕಿದ್ದು. ಬಾಯಿಗೆ ಚೆಂದ ಬಂತೆಂದು, ಜನ ನಗಲೆಂದು ಹಾಕಿದ್ದು. ಒಂದು ಶಬ್ದಕ್ಕಾಗಿ ಊರಿನವರ ಮದುವೆಯ ಕಾಗದ ಹಿಡಿದು ಜಗಳಾಡಿದವನು, ಅತ್ತಿಗೆಯ ಮಟ್ಟಿಗೆ ಆ ಶಬ್ದದ ಅರ್ಥವೇನು ಎಂದು ಒಂದು ಕ್ಷಣ ಯೋಚಿಸಲಿಲ್ಲ. ಆರು ವರ್ಷ ಎರಡೆರಡು ಗಂಟೆಗೆ ತಿರುಗಿಸಿ ಕಡೆಗೆ ಗಂಡ ಬಿಡುಗಡೆಯಾದ ಎಂದುಕೊಂಡವರಿಗೆ, ಬಿಡುಗಡೆ ಇಲ್ಲ, ಇನ್ನೂ ಹಾಗೇ ಇದ್ದಾನೆ, ಈಗ ತಿರುಗಿಸುವವರೂ ಇಲ್ಲ ಎಂದು ನಾನು ದೇವರ ಹೆಸರಿನಲ್ಲಿ ಹೇಳಿದ್ದೆ.

ಮಾರನೆಯ ದಿನ ಗೋರಿಯ ಜಾಗಕ್ಕೆ ಹೋದೆ. ಅತ್ತಿಗೆ ಅಣ್ಣನ ಗೋರಿಯ ಪಕ್ಕ ಒಂದು ಹಳೆಯ ಪೇಪರ್ ಹಾಸಿ ಕುಳಿತಿದ್ದರು. ಕಲ್ಲು ಇನ್ನೂ ಕೂರಿಸಿರಲಿಲ್ಲ, ಬರೀ ಮಣ್ಣು. ನಾನು ವೇದ ಕೊಂಡುಹೋಗಿದ್ದೆ, ಈ ಸಲ ಇನ್ನೊಂದು ಪಕ್ಷದ ವಕೀಲನಾಗಿ. ದೇಹವನ್ನು ಬಿಟ್ಟರೆ ಕರ್ತನ ಹತ್ತಿರ ಇರುತ್ತೇವೆ ಎಂದು ಪೌಲ ಬರೆದದ್ದು, ಹೊರಟುಹೋಗಿ ಕ್ರಿಸ್ತನ ಜೊತೆ ಇರುವುದೇ ತನ್ನ ಆಸೆ ಎಂದು ಬರೆದದ್ದು, ಸತ್ತ ಬಡವನನ್ನು ದೂತರು ಎತ್ತಿಕೊಂಡು ಹೋದ ಕತೆ, ಎಲ್ಲ ಒಂದೊಂದಾಗಿ ತೆಗೆದು ಹೇಳಿದೆ. ಮಾಸ್ಟ್ರು ಹೇಳಿದ ಕಳ್ಳನನ್ನೂ ಬಿಡಲಿಲ್ಲ. ಇಂದು ಎಂದರೆ ಇಂದೇ ಅತ್ತಿಗೆ ಎಂದೆ.

ಅವರು ಪೂರ್ತಿ ಕೇಳಿದರು. ಆಮೇಲೆ, "ಆ ದಿವಸ ಎಲ್ಲರ ಎದುರು ಒಂದು ಹೇಳಿದಿರಿ. ಇವತ್ತು ಇಲ್ಲಿ ನನಗೊಬ್ಬಳಿಗೆ ಬೇರೆ ಹೇಳುತ್ತೀರಿ. ಪುಸ್ತಕ ಅದೇ ಅಲ್ವಾ?" ಎಂದರು.

ಹೌದು ಎಂದೆ.

"ನನಗೆ ಬೇಜಾರಾಗುತ್ತದೆ ಅಂತ ಇದನ್ನು ಹೇಳುವುದು ನೀವು. ಆ ದಿವಸದ್ದೇ ನಿಜ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಣ್ಣಿನ ಮೇಲಿನ ಹುಲ್ಲು ಕೀಳುತ್ತಾ, "ಎಡದ ಮಗ್ಗುಲಿಗೆ ಹಾಕಿದರೆ ಅವರಿಗೆ ಸ್ವಲ್ಪ ಹಾಯಿ ಇತ್ತು. ಪೆಟ್ಟಿಗೆಯಲ್ಲಿ ಅಂಗಾತ ಇಟ್ಟದ್ದು" ಎಂದರು.

ಆಧಾರದಲ್ಲಿ ತಪ್ಪು ಬಿದ್ದರೆ ಬದಿಯಲ್ಲಿ ಗೀಚಿ ಸರಿಮಾಡಲು ಆಗುವುದಿಲ್ಲ. ತಿದ್ದುಪಡಿ ಆಧಾರ ಬೇರೆಯೇ ಬರೆಯಬೇಕು, ಮತ್ತೆ ಸಾಕ್ಷಿಗಳ ಎದುರು ರಿಜಿಸ್ಟರ್ ಮಾಡಿಸಬೇಕು. ಅತ್ತಿಗೆ ಹೇಳಿದ್ದರ ಅರ್ಥ ನನಗೆ ಗೊತ್ತಾಯಿತು. ಎಲ್ಲರ ಎದುರು ಹೇಳಿದ್ದನ್ನು ಎಲ್ಲರ ಎದುರೇ ಹಿಂದೆ ತೆಗೆದುಕೊಳ್ಳಬೇಕು. ಗೊತ್ತಾದದ್ದೇನೋ ಹೌದು, ಮಾಡಲಿಲ್ಲ. ಮುಂದಿನ ಭಾನುವಾರ ನಾನೇ ಓದಬೇಕಾಗಿತ್ತು. ಕೆಮ್ಮು ಎಂದು ಹೇಳಿ ಮಾಸ್ಟ್ರಿಗೆ ಬಿಟ್ಟೆ. ಕೆಮ್ಮು ಇರಲಿಲ್ಲ. ಅದೇ ಮಾಸ್ಟ್ರ ಎದುರು ಎದ್ದು ನಿಂತು ನನ್ನ ಮಾತು ತಪ್ಪು ಎನ್ನುವುದು ನನ್ನಿಂದ ಆಗುವ ಹಾಗಿರಲಿಲ್ಲ. ಆ ವಾರವೆಲ್ಲ ಅತ್ತಿಗೆ ಬಿಸಿಲಿನಲ್ಲಿ ಅಲ್ಲಿಗೆ ಹೋಗುತ್ತಲೇ ಇದ್ದರು.

ಅಯ್ಯನವರು ಬಂದ ವಾರ ಆರಾಧನೆಗೆ ಮುಂಚೆ ಅವರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ನೀವೇ ಇವತ್ತಿನ ಪ್ರಸಂಗದಲ್ಲಿ, ಉಪದೇಶ ಮಾಡುವಾಗ, ಒಂದು ಮಾತು ಹೇಳಿಬಿಡಿ, ನೀವು ಹೇಳಿದರೆ ನಂಬುತ್ತಾರೆ ಎಂದೆ. ಅವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನಿಲುವಂಗಿಯ ಗುಂಡಿ ಹಾಕುತ್ತಲೇ ಮಾತಾಡಿದರು.

"ಕೂಡಲೇ ಹೋಗುತ್ತಾರೋ, ನಿದ್ರಿಸುತ್ತಾರೋ, ಎರಡಕ್ಕೂ ವಾಕ್ಯ ಉಂಟು ರೈಟ್ರೇ. ಕೂಡಲೇ ಹೋಗುತ್ತಾರೆ ಅಂತ ನಾನು ನಂಬುತ್ತೇನೆ. ನಿದ್ರಿಸುತ್ತಾರೆ ಅಂತ ನಂಬುವವರೂ ದೇವರ ಜನವೇ. ಆದರೆ ನರಳುತ್ತಾ ಇರುತ್ತಾರೆ ಅಂತ ಎರಡು ಕಡೆಯವರೂ ಹೇಳುವುದಿಲ್ಲ. ನಿಮ್ಮ ಅತ್ತಿಗೆ ಕೇಳಿದ್ದು ಅದನ್ನೇ ಅಲ್ವಾ?"

ಹಾಗಾದರೆ ನೀವು ಹೇಳುತ್ತೀರಾ ಎಂದೆ.

"ನಾನು ಹೇಳಿದರೆ ಅದು ಪ್ರಸಂಗ ಆಗುತ್ತದೆ. ಹೇಳಬೇಕಾದ್ದು ನೀವು."

ಸಭೆಯ ಪ್ರಕಟನೆಗಳನ್ನು ಓದುವ ಹೊತ್ತಿಗೆ ನನ್ನನ್ನು ಕರೆದರು. ಎದುರಿಗೆ ಹೋಗಿ ನಿಂತೆ. ಹೆಂಗಸರ ಸಾಲಿನಲ್ಲಿ ಕೊನೆಗೆ, ತಲೆಗೆ ಸೆರಗು ಹೊದ್ದು, ಅತ್ತಿಗೆ ಕುಳಿತಿದ್ದರು. ಗೋರಿಯ ಹತ್ತಿರ ಹೋಗುವ ಮೊದಲು ಆರಾಧನೆ ಮುಗಿಸಿಕೊಂಡು ಹೋಗೋಣ ಎಂದು ಬಂದಿದ್ದರಂತೆ. ಆರಾಧನೆಯ ನಡುವೆ ನಾನು ಮಾತು ಬರೆದುಕೊಂಡಿದ್ದೆ, ಕಾಗದ ಕಿಸೆಯಲ್ಲೇ ಉಳಿಯಿತು. ಅಣ್ಣನ ಪ್ರಾರ್ಥನೆಯ ದಿನ ಅಣ್ಣ ಮಲಗಿದಲ್ಲೇ ಇದ್ದಾರೆ ಎಂದು ಹೇಳಿದೆ, ಆ ಮಾತು ವೇದದಲ್ಲಿ ಇಲ್ಲ, ಅದು ನನ್ನದು, ತಪ್ಪು ಎಂದೆ. ಸತ್ತವರು ಕೂಡಲೇ ಸ್ವರ್ಗಕ್ಕೆ ಹೋಗುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂಬ ಶಬ್ದ ಆ ಜಾಗದಲ್ಲಿ ನಿಂತು ಹೇಳಿದ್ದು ಅದೇ ಮೊದಲು. ಎಲ್ಲಿದ್ದರೂ ಅವರಿಗೆ ನೋವಿಲ್ಲ, ಅವರನ್ನು ಯಾರೂ ತಿರುಗಿಸಬೇಕಾಗಿಲ್ಲ ಎಂದೆ. ತಿರುಗಿಸುವುದು ಎಂದರೆ ಏನೆಂದು ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. ಮಾಸ್ಟ್ರು ಪಾಪ ತಲೆ ತಗ್ಗಿಸಿದರು, ನನ್ನ ಮಾನ ಉಳಿಸಲಿಕ್ಕೆಂದು ಕಾಣುತ್ತದೆ.

ಹೊರಗೆ ಚಪ್ಪಲಿ ಹಾಕುವಲ್ಲಿ ಅತ್ತಿಗೆ ನನಗಾಗಿ ನಿಂತಿದ್ದರು.

"ಹಾಗಾದರೆ ತಿರುಗಿಸುವುದು ಬೇಡ?"

"ಬೇಡ ಅತ್ತಿಗೆ."

"ನಾನು ಆ ದಿವಸವೂ ಅಷ್ಟೇ ಕೇಳಿದ್ದು" ಎಂದರು. ಗೋರಿಯ ಕಡೆ ಹೋಗದೆ ಮನೆಯ ದಾರಿ ಹಿಡಿದರು. ನಾನೂ ಜೊತೆಗೆ ಹೋದೆ.

ಇಲ್ಲಿಗೆ ಮುಗಿಸಿದರೆ ನಾನು ಪಶ್ಚಾತ್ತಾಪಪಟ್ಟ ಒಳ್ಳೆಯ ಮನುಷ್ಯನಾಗಿ ಕಾಣುತ್ತೇನೆ. ಮೂರನೆಯ ಸಲ ಬರೆದದ್ದು ಇಲ್ಲಿಗೇ ಮುಗಿದಿತ್ತು. ಆದರೆ ಆ ಮಧ್ಯಾಹ್ನ ಅತ್ತಿಗೆಯ ಅಡಿಗೆಮನೆಯಲ್ಲಿ ಗಂಜಿ, ಒಣಮೀನಿನ ಚಟ್ನಿ ಉಣ್ಣುತ್ತಾ ನಾನು ಇನ್ನೊಂದನ್ನು ಹೇಳಿದೆ. ಯಾರಿಗೂ ಹೇಳದೆ ಇದ್ದದ್ದು, ನನಗೆ ನಾನೇ ಸರಿಯಾಗಿ ಹೇಳಿಕೊಳ್ಳದೆ ಇದ್ದದ್ದು. ಭಾನುವಾರ ನಾನು ಓದಿ ಎದ್ದು ಹೊರಡುವಾಗ ಅಣ್ಣ ನನ್ನನ್ನೇ ನೋಡುತ್ತಿದ್ದ. ಮಾತಿಲ್ಲದ ಮುಖದಲ್ಲಿ ಕಣ್ಣು ಮಾತ್ರ ನನ್ನ ಹಿಂದೆ ಬಾಗಿಲ ತನಕ ಬರುತ್ತಿತ್ತು. ಈ ತಮ್ಮ ಒಂದು ದಿನವಾದರೂ ಕೈ ಹಾಕುತ್ತಾನೋ ಎಂದು ಕೇಳುವ ಹಾಗೆ. ಅವನು ಸತ್ತ ಮೇಲೆ ಎಚ್ಚರವಾಗಿದ್ದಾನೆ, ಮೇಲಿನಿಂದ ನೋಡುತ್ತಿದ್ದಾನೆ ಎಂಬುದು ನನ್ನಿಂದ ತಾಳಲು ಆಗಲಿಲ್ಲ. ಏನೂ ತಿಳಿಯದ ನಿದ್ದೆಯಲ್ಲಿರುವ ಅಣ್ಣನೇ ನನಗೆ ಬೇಕಾಗಿತ್ತು. ಹಟ ಹಳೆಯದೇ, ಆದರೆ ಆ ದಿನ ಅಷ್ಟು ವಾಕ್ಯ ಹುಡುಕಿ ಓದಿದ್ದು ಅದಕ್ಕೆ ಅತ್ತಿಗೆ ಎಂದೆ.

ಅವರು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು.

"ನೀವು ಎಂತೆಂತದ್ದೋ ಯೋಚನೆ ಮಾಡುತ್ತೀರಿ. ಇವರು ಹಾಗೆ ಯಾರನ್ನೂ ದೂರುವವರಲ್ಲ. ಬಾಗಿಲಲ್ಲಿ ಪಕ್ಕದ ಮನೆಯವಳು ನಿಂತಿರುತ್ತಿದ್ದಳಲ್ಲ, ನೀವು ಹೋದ ಕೂಡಲೇ ತಿರುಗಿಸುತ್ತೇವೆ ಅಂತ ಇವರಿಗೆ ಗೊತ್ತಿತ್ತು. ನೀವು ಎದ್ದರೆ ಸಾಕು ಅಂತ ಇದ್ದರು ಪಾಪ, ಅದಕ್ಕೇ ನೋಡುತ್ತಿದ್ದದ್ದು. ಹೊತ್ತು ದಾಟಿದರೆ ಸೊಂಟ ತುಂಬ ನೋಯುತ್ತಿತ್ತು." ನನಗೆ ಬೇಸರವಾದೀತು ಎಂಬ ಹಾಗೆ ಸೇರಿಸಿದರು. "ದೇವರ ವಾಕ್ಯ ಓದುವಾಗ ಮಧ್ಯದಲ್ಲಿ ಸಾಕು ಅಂತ ಹೇಳುವುದು ಹೇಗೆ?"

ಅವರು ಇದನ್ನು ನನ್ನ ಸಮಾಧಾನಕ್ಕೆಂದೇ ಹೇಳಿದರು. ನಾನು ಗಂಜಿ ಮುಗಿಸಿದೆ, ಬಟ್ಟಲು ತೊಳೆದಿಟ್ಟೆ. ಅಣ್ಣ ಇದ್ದಾಗ, ಬಾಗಿಲಲ್ಲಿ ನಿಂತವಳು ವೇದ ಕೇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ದನಿ ಏರಿಸಿ, ನಿಧಾನವಾಗಿ, ಒಂದೊಂದು ಶಬ್ದ ಬಿಡಿಸಿ ಓದುತ್ತಿದ್ದೆ. ಕೆಲವು ಭಾನುವಾರ ಎರಡು ಕೀರ್ತನೆ ಓದಿದ್ದೇನೆ.